ನೆನೆದ ಉದ್ದಿನ ತೂಕ

ಇಲ್ಲ, ತೂಕದ ಯಂತ್ರದ ಮೇಲಿದ್ದ ಉದ್ದಿನಬೇಳೆ ಒದ್ದೆಯಾಗಿಯೇ ಇತ್ತೇನೋ. ತಟ್ಟೆಯ ಅಂಚಿನಿಂದ ನೀರು ತೊಟ್ಟಿಕ್ಕಿದ್ದು ಕಣ್ಣಿಗೆ ಕಟ್ಟಿದೆ. ಆದರೆ ಅದೇ ನೆನಪಿನಲ್ಲಿ ಅಡುಗೆಮನೆಗೆ ಒಂದು ಕಿಟಕಿಯೂ ಇದೆ. ಚೆನ್ನೈನ ಕೀಲ್ಪಾಕಿನ ಆ ಹೋಟೆಲಿನ ಅಡುಗೆಮನೆಗೆ ಕಿಟಕಿಯೇ ಇಲ್ಲ, ಆಮೇಲೆ ಹೋಗಿ ನೋಡಿ ಬಂದೆ. ಹಾಗಾಗಿ ನೀರನ್ನೂ ನಂಬುವಂತಿಲ್ಲ.

ನಂಬಬಹುದಾದದ್ದು ಇಷ್ಟು. ನಾನು ಅರಸೀಕೆರೆಯವಳು, ಬಿ.ಕಾಂ. ಮುಗಿಸಿದವಳು. ಹೋಟೆಲುಗಳಿಗೆ ದಾಸ್ತಾನು ಮತ್ತು ಲೆಕ್ಕದ ಸಾಫ್ಟ್‌ವೇರ್ ಹಾಕಿಕೊಡುವ ಚೆನ್ನೈನ ಸಣ್ಣ ಕಂಪನಿಯೊಂದು, ಇಲ್ಲಿ ಹೋಟೆಲು ನಡೆಸುವ ಕರ್ನಾಟಕದವರ ಕನ್ನಡ ನನಗೆ ಬರುತ್ತದೆಂದು ಕೆಲಸ ಕೊಟ್ಟಿತ್ತು. ಮೊದಲ ಮೂರು ತಿಂಗಳು ಪರೀಕ್ಷೆ. ಕೀಲ್ಪಾಕಿನ ಹೋಟೆಲಿನವರು ಸಾಫ್ಟ್‌ವೇರ್ ಸರಿಯಿದೆಯೆಂಬ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರೆ ಕೆಲಸ ಖಾಯಂ, ಇಲ್ಲವಾದರೆ ವಾಪಸ್ಸು. ಊರಿನ ಕೊಬ್ಬರಿ ಮಂಡಿಯಲ್ಲಿ ಮಾವ ನನಗಾಗಿ ಒಂದು ಕುರ್ಚಿ ಕಾದಿಟ್ಟಿದ್ದರು. ಆ ಕುರ್ಚಿಯನ್ನು ನಾನು ಚೆನ್ನಾಗಿ ಬಲ್ಲೆ, ಅದಕ್ಕೇ ಹೊರಟದ್ದು.

ಕನ್ನಡ ಬರುತ್ತದೆಂಬ ಅರ್ಹತೆ ಮೊದಲ ದಿನವೇ ಬಿದ್ದುಹೋಯಿತು. ಮುಖ್ಯ ಅಡುಗೆಯವರು ಶೀನ ಭಟ್ರು, ಕುಂದಾಪುರದ ಕಡೆಯವರು. ಆ ಅಡುಗೆಮನೆಯಲ್ಲಿ ಅವರಿಗೆ ಮೂವತ್ತು ವರ್ಷ.

"ಎಂತ ಮಾರಾಯ್ತಿ, ನಮ್ಮ್ ಇಡ್ಲಿನೂ ಕಂಪ್ಯೂಟರಿಗ್ ತುಂಬ್ಸುಕೆ ಬಂದದ್ದಾ?"

"ಏನಂದ್ರಿ?"

"ನಿಂಗ್ ಕನ್ನಡ ಬತ್ತಿಲ್ಯಾ?"

ರುಬ್ಬುವವರೆಲ್ಲ ನಕ್ಕರು.

ತಮಿಳು ಇದಕ್ಕಿಂತ ಸುಲಭವೆನಿಸಿತು, ಅದು ಅರ್ಥವಾಗದಿದ್ದರೆ ಅವಮಾನವಿರಲಿಲ್ಲ. ಹಾಸ್ಟೆಲಿನಲ್ಲಿ ಒಂದು ಕೋಣೆಗೆ ನಾಲ್ವರು. ಊರಲ್ಲಿ ನೀರೆಂದರೆ ನೀರು, ಇಲ್ಲಿ ಎರಡು ಜಾತಿ: ಮೈಗೆ ಉಪ್ಪುನೀರು, ಬಾಯಿಗೆ ಕ್ಯಾನ್ ನೀರು. ಹಾಸ್ಟೆಲು ನೋಡಿಕೊಳ್ಳುವ ಅಕ್ಕ ಕಂಡಾಗಲೆಲ್ಲ "ಸಾಪ್ಟಿಯಾ?" ಎನ್ನುತ್ತಿದ್ದರು. ಊಟ ಆಯಿತೇ ಎಂದು. ಊಟದ ತಲೆ ಎಣಿಸುತ್ತಿದ್ದಾರೆಂದು ನಾನು ಲೆಕ್ಕದ ಹುಡುಗಿಯಂತೆ ತಿಳಿದಿದ್ದೆ. ಅದು ಕ್ಷೇಮ ಕೇಳುವ ರೀತಿಯೆಂದು ಗೊತ್ತಾಗಲು ತಿಂಗಳೇ ಹಿಡಿಯಿತು. ಒಂದು ದಿನ ನಾನೇ ಮೊದಲು ಕೇಳಿದೆ. ಅಂದಿನಿಂದ ಅವರು ನನ್ನ ಕ್ಯಾನನ್ನು ಮೇಲಿನ ಮಹಡಿಗೆ ತಾವೇ ಕಳಿಸತೊಡಗಿದರು.

ಮಂಡಿಯ ಪುಸ್ತಕದಲ್ಲಿ ಬಂದದ್ದು, ಹೋದದ್ದು ಬರೆದರೆ ಮುಗಿಯಿತು. ಈ ಸಾಫ್ಟ್‌ವೇರಿಗೆ ಅಷ್ಟು ಸಾಲದು. ಇಷ್ಟು ಇಡ್ಲಿ ಮಾರಿದರೆ ಇಷ್ಟು ಉದ್ದು ಖಾಲಿಯಾಗಿರಬೇಕು ಎಂದು ಅದು ಮೊದಲೇ ಹೇಳುತ್ತದೆ, ಆಮೇಲೆ ಉಗ್ರಾಣದಲ್ಲಿ ಉಳಿದದ್ದನ್ನು ತಾಳೆ ನೋಡುತ್ತದೆ. ಲೆಕ್ಕವೆಂಬುದು ಹೀಗೆ ಮುಂದಕ್ಕೂ ನೋಡಬಲ್ಲದು ಎಂಬುದೇ ನನ್ನನ್ನು ಈ ಕೆಲಸಕ್ಕೆ ಎಳೆದದ್ದು. ಭಟ್ರ ಅಳತೆಯೆಲ್ಲ ಪಡಿಯಲ್ಲಿ, ಅಂದರೆ ಇಲ್ಲಿನ ಲೋಹದ ಮಾಪಿನಲ್ಲಿ. ನಾನು ಒಂದು ವಾರ ನಿಂತು ಒಂದೊಂದನ್ನೂ ತೂಗಿ ಕಿಲೋಗೆ ಇಳಿಸಿದೆ. ನೋಟ್‌ಬುಕ್ಕಿನಲ್ಲಿದೆ: ಅಕ್ಕಿ ೪೦, ಉದ್ದು ೨೧. ಅಮ್ಮ ಮನೆಯಲ್ಲಿ ಎರಡು ಪಾವು ಇಡ್ಲಿ ರವೆಗೆ ಒಂದು ಪಾವು ಉದ್ದು ಹಾಕುವವಳು. ಹಾಗಾಗಿ ನನಗೆ ಅನುಮಾನವೇ ಬರಲಿಲ್ಲ. ಇಲ್ಲಿ ಅಕ್ಕಿಯನ್ನೇ ರುಬ್ಬುತ್ತಾರೆ, ಉದ್ದು ಅದರ ಕಾಲು ಭಾಗ ಸಾಕು ಎಂದು ನನಗೆ ತಿಳಿದಿರಲಿಲ್ಲ.

ತಿಂಗಳ ಕೊನೆಗೆ ವರದಿ ಕೆಂಪಾಯಿತು. ಖರ್ಚಾಗಬೇಕಿದ್ದ ಉದ್ದಿನಲ್ಲಿ ಅರ್ಧಕ್ಕಿಂತ ಹೆಚ್ಚು ಉಗ್ರಾಣದಲ್ಲೇ ಇತ್ತು. ಮಾಲೀಕರ ಮಗ ಪ್ರಸನ್ನ ಚೆನ್ನೈನಲ್ಲೇ ಹುಟ್ಟಿ ಓದಿದವರು, ಕನ್ನಡದಲ್ಲಿ ಕೇಳಿಸಿಕೊಂಡು ತಮಿಳಿನಲ್ಲಿ ಉತ್ತರಿಸುವವರು. ಕಾಗದ ಹಿಡಿದು ಅಡುಗೆಮನೆಗೇ ಬಂದರು.

"ಭಟ್ರೇ, ಸೋಡಾ ಪೋಡ್ರೀಂಗಳಾ?"

ಉದ್ದು ಉಳಿಸಿ, ಸೋಡಾ ಹಾಕಿ ಉಬ್ಬಿಸುತ್ತಿದ್ದೀರಾ ಎಂದು. ಯಾರೋ ರುಬ್ಬುವ ಯಂತ್ರ ನಿಲ್ಲಿಸಿದರು.

"ಮೂವತ್ ವರ್ಷ ಆಯ್ತ್ ಮಾರಾಯಾ. ನಿನ್ನಪ್ಪನೂ ಇಂಥ ಮಾತ್ ಕೇಣ್ಲಿಲ್ಲ."

"ಸಿಸ್ಟಮ್ ಪೊಯ್ ಸೊಲ್ಲುಮಾ?" ಸಿಸ್ಟಮ್ ಸುಳ್ಳು ಹೇಳುತ್ತದೆಯೇ?

ನಾನು ಅಲ್ಲೇ ಇದ್ದೆ. ನಾನೂ ಸಿಸ್ಟಮ್ಮನ್ನೇ ನಂಬಿದ್ದೆ.

"ಆಯ್ತ್," ಎಂದರು ಭಟ್ರು, ಪ್ರಸನ್ನರಿಗಲ್ಲ, ನನಗೆ. "ನಾಳೆಯಿಂದ ನಿನ್ನ್ ಕಂಪ್ಯೂಟರ್ ಹೇಳಿದಷ್ಟೇ ಹಾಕ್ತೆ."

ಹಾಕಿದರು. ಮರುದಿನದ ಇಡ್ಲಿ ಚಪ್ಪಟೆಯಾಗಿ ಅಂಗುಳಿಗೆ ಅಂಟಿತು. ದಿನವೂ ಬರುವ ಹಿರಿಯರೊಬ್ಬರು ಬೆರಳಿನಿಂದ ಒತ್ತಿ ನೋಡಿ ತಟ್ಟೆ ಹಿಂದಕ್ಕೆ ತಳ್ಳಿದರು. "ಇಡ್ಲಿ ಕೇಟ್ಟೇನ್, ಪಸೈ ಕುಡುತ್ತುಟ್ಟೀಂಗಳೇ!" ಇಡ್ಲಿ ಕೇಳಿದರೆ ಪೋಸ್ಟರ್ ಹಚ್ಚುವ ಅಂಟು ಕೊಟ್ಟಿದ್ದೀರಲ್ಲ ಎಂದು. ಎರಡನೆಯ ದಿನವೂ ಹಾಗೇ.

ಆ ಮಧ್ಯಾಹ್ನ ರುಬ್ಬುವ ಜಾಗಕ್ಕೆ ಹೋದೆ. ಬೆಳಿಗ್ಗೆ ಅರ್ಧ ಪಾತ್ರೆಗೆ ಸುರಿದಿದ್ದ ಬೇಳೆ ನೀರು ಕುಡಿದು ಕಂಠದವರೆಗೆ ಬಂದಿತ್ತು. ನೋಡುತ್ತ ನಿಂತವಳಿಗೆ ನನ್ನ ೨೧ ಎಲ್ಲಿಂದ ಬಂತೆಂದು ಹೊಳೆಯಿತು. ಉಗ್ರಾಣದ ಲೆಕ್ಕ ಒಣಬೇಳೆಯದು, ನಾನು ತೂಗಿದ್ದು ನೆನೆದ ಬೇಳೆ.

ಆ ಅಂಕಿ ತಿದ್ದಲು ಒಂದು ನಿಮಿಷ ಸಾಕು. ಆದರೆ ತಿದ್ದಿದವರು ಯಾರು, ಯಾವಾಗ ಎಂದು ಸಿಸ್ಟಮ್ ಪಕ್ಕದಲ್ಲೇ ಬರೆದಿಡುತ್ತದೆ. ಅದರಲ್ಲಿ ನನಗೆ ತುಂಬ ಮೆಚ್ಚುಗೆಯಾಗಿದ್ದ ಗುಣವೇ ಅದು. ಪ್ರಸನ್ನರ ಕೋಣೆಗೆ ಹೋದೆ. ಒಪ್ಪಿಗೆ ಪತ್ರ ಸಹಿಯಿಲ್ಲದೆ ಮೇಜಿನ ಮೇಲಿತ್ತು.

"ಸಾರ್, ತೂಕ ಮಾಡಿದ್ದು ನೆನೆದ ಬೇಳೆ. ಭಟ್ರದ್ದೇನೂ ತಪ್ಪಿಲ್ಲ, ನಾನು..."

"ಅದ್ ನಾನೇ ಕೊಟ್ಟದ್ದ್," ಎಂದರು ಭಟ್ರು. ಹೆಗಲ ಬಟ್ಟೆಗೆ ಕೈ ಒರೆಸುತ್ತ ಬಾಗಿಲಲ್ಲಿ ನಿಂತಿದ್ದರು, ಎಷ್ಟು ಹೊತ್ತಿನಿಂದಲೋ. "ಹೆಣ್ಣ್ ಒಣಬೇಳೆ ಕೇಂಡದ್ದ್. ನಾನ್ ಅವಸರದಗೆ ನೆನ್ಸಿದ್ದ್ ಕೊಟ್ಟೆ."

ಪ್ರಸನ್ನ ಇಬ್ಬರನ್ನೂ ನೋಡಿದರು. "ತಪ್ಪಾಯ್ತು ಭಟ್ರೇ," ಎಂದರು. ಅವರ ಬಾಯಲ್ಲಿ ನಾನು ಕೇಳಿದ ಮೊದಲ ಕನ್ನಡ ಅದು. ಸಹಿ ಹಾಕಿದರು.

ಈಗ ಬೇರೆ ಹೋಟೆಲುಗಳಿಗೂ ಹೋಗುತ್ತೇನೆ. ನೋಟ್‌ಬುಕ್ಕಿನ ಮೊದಲ ಕಾಲಮ್ಮು ಒಣದೋ, ನೆನೆದದ್ದೋ ಎಂಬುದು. ಊರಿಗೆ ಹೋದರೆ ಅಮ್ಮನ ರವೆ ಇಡ್ಲಿ ತರಿತರಿ ಅನ್ನಿಸುತ್ತದೆ, ಇಲ್ಲಿ ತಿನ್ನುವಾಗ ಆ ತರಿಯನ್ನೇ ನಾಲಗೆ ಹುಡುಕುತ್ತದೆ. ಅರಸೀಕೆರೆಯಲ್ಲಿ ನಾನು ಮದ್ರಾಸಿನವಳು. ಇಲ್ಲಿ ಹಾಸ್ಟೆಲಿನ ಅಕ್ಕನಿಗೆ ಕರ್ನಾಟಕದ ಹುಡುಗಿ, ಭಟ್ರಿಗೆ ಕನ್ನಡ ಬಾರದ ಹೆಣ್ಣು.

ಅವತ್ತು ಒಣಬೇಳೆ ಬೇಕೆಂದು ಕೇಳಿದ ನೆನಪು ನನಗಿಲ್ಲ. ಹಾಗೆ ಕೇಳಬೇಕೆಂಬುದೇ ಆಗ ಗೊತ್ತಿತ್ತೋ ಇಲ್ಲವೋ. ಒಮ್ಮೆ ಧೈರ್ಯ ಮಾಡಿ ಭಟ್ರನ್ನೇ ವಿಚಾರಿಸಿದೆ: "ನಿಜವಾಗ್ಲೂ ನಾನು ಒಣಬೇಳೆ ಅಂತ ಕೇಳಿದ್ನಾ?"

"ನಿಂದ್ ಊಟ ಆಯ್ತಾ?" ಎಂದರು.

ನಾನು ಈ ಊರಿನಲ್ಲಿ ಉಳಿದಿರುವುದು ಅವರು ಬಾಗಿಲಲ್ಲಿ ನಿಂತು ಆಡಿದ ಆ ಮಾತಿನಿಂದ. ಅದು ನಡೆದದ್ದೋ, ನನಗಾಗಿ ಹೇಳಿದ್ದೋ, ನನಗೆ ತಿಳಿಯದು. ನೋಟ್‌ಬುಕ್ಕಿನಲ್ಲಿ ೨೧ ಎಂದಷ್ಟೇ ಇದೆ.