ಮೆಟ್ಟಿಲ ಮೇಲಿನ ಗುಳ್ಳ

ಸುಗುಣ ಟೀಚರ್ ನಮ್ಮಿಂದ ಬೈಬಲಿನ ವಾಕ್ಯ ಕೇಳುವಾಗ ನಮ್ಮ ಬಾಯಿ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದರು. ಭಾನುವಾರ ಬೆಳಿಗ್ಗೆ ಆರಾಧನೆಗೆ ಒಂದು ಗಂಟೆ ಮೊದಲು, ಕಟಪಾಡಿ ಬದಿಯ ನಮ್ಮ ಸಣ್ಣ ದೇವಾಲಯದ ಹಿಂದಿನ ಜಗಲಿಯಲ್ಲಿ ನಾವು ಹದಿನೈದು ಮಕ್ಕಳು ಚಾಪೆ ಹಾಸಿ ಕುಳಿತಿರುತ್ತಿದ್ದೆವು. ಒಬ್ಬೊಬ್ಬರಾಗಿ ಎದ್ದು, ಎರಡೂ ಅಂಗೈಗಳನ್ನು ಮುಂದೆ ಚಾಚಿ, ಹಿಂದಿನ ವಾರದ ವಾಕ್ಯ ಹೇಳಬೇಕು. ಹೇಳಿ ಮುಗಿಸಿದ ಮೇಲೆ ಟೀಚರ್ ಆ ಅಂಗೈಯನ್ನು ಬೆರಳಿನಿಂದ ತಟ್ಟಿ ಕೇಳುವರು: "ಬಾಯಿಗೆ ಬಂತು, ಸರಿ. ಕೈಗೆ ಬಂತಾ?"

ಅಂದರೆ ವಾರದಲ್ಲಿ ಆ ವಾಕ್ಯವನ್ನು ಎಲ್ಲಿ, ಯಾರ ಹತ್ತಿರ ಮಾಡಿ ತೋರಿಸಿದೆ ಎಂದು. ಮಾಡಿಲ್ಲವಾದರೆ ಹೊಸ ವಾಕ್ಯ ಸಿಗುವುದಿಲ್ಲ. ಬೇರೆ ಚರ್ಚ್ ಸಭೆಗಳ ಮಕ್ಕಳು ಇಡೀ ಅಧ್ಯಾಯ ಬಾಯಿಪಾಠ ಮಾಡಿ ಸ್ಪರ್ಧೆಯಲ್ಲಿ ಸ್ಟೀಲಿನ ಲೋಟ ಗೆದ್ದು ಬರುತ್ತಿದ್ದರೆ ನಾವು ಒಂದೊಂದು ಸಾಲಿನಲ್ಲೇ ಸಿಕ್ಕಿಬಿದ್ದಿರುತ್ತಿದ್ದೆವು. ವೈರಿಗಳನ್ನು ಪ್ರೀತಿಸಬೇಕು ಎಂಬ ವಾಕ್ಯದಲ್ಲಿ ನಾನು ಐದು ವಾರ ಫೇಲಾದೆ. ನನ್ನ ವೈರಿ ನನ್ನ ಅಣ್ಣನೇ ಆಗಿದ್ದ, ಅವನನ್ನು ಪ್ರೀತಿಸುವ ಯಾವ ಕಾರಣವೂ ನನಗೆ ಆಗ ಕಂಡಿರಲಿಲ್ಲ. ಕೊನೆಗೆ ಅವನ ಸೈಕಲ್ ತೊಳೆದುಕೊಟ್ಟು ಪಾರಾದೆ.

ವಾರದ ಆರು ದಿನ ಟೀಚರ್ ಕಟಪಾಡಿ ಪೇಟೆಯ ಒಂದು ಟೈಲರ್ ಅಂಗಡಿಯಲ್ಲಿ ರವಿಕೆ, ಶಾಲೆಯ ಯೂನಿಫಾರಂ ಹೊಲಿಯುತ್ತಿದ್ದರು. ಮದುವೆಯಾಗಿರಲಿಲ್ಲ. ಮಟ್ಟುವಿಗೆ ಹೋಗುವ ರಸ್ತೆಯಲ್ಲಿ ತಾಯಿಯ ಜೊತೆ ಮನೆ. ಹಿತ್ತಿಲಿನಲ್ಲಿ ಮಟ್ಟು ಗುಳ್ಳದ ಗಿಡಗಳು. ಹಸಿರು ಬಣ್ಣದ ಆ ಉರುಟು ಬದನೆಕಾಯಿಯ ಬಗ್ಗೆ ಅವರಿಗೆ ವಿಪರೀತ ಜಂಬ. ಭಾನುವಾರವೂ ಎಷ್ಟೋ ಸಲ ಕೊರಳಲ್ಲಿ ಅಳತೆಯ ಟೇಪು ಹಾಗೆಯೇ ನೇತಾಡುತ್ತಿರುತ್ತಿತ್ತು. ನಮ್ಮ ಮನೆಗಳಲ್ಲಿ ತುಳು, ದೇವಾಲಯದಲ್ಲಿ ಕನ್ನಡ. ಟೀಚರ ಕನ್ನಡ ಇಸ್ತ್ರಿ ಹಾಕಿದ ಬಟ್ಟೆಯ ಹಾಗಿತ್ತು, ಒಂದು ನೆರಿಗೆಯೂ ಇಲ್ಲ. ನಾವು ಏನಾದರೂ ತಪ್ಪನ್ನು ಮುಚ್ಚಿಟ್ಟದ್ದು ತಿಳಿದರೆ ಒಂದೇ ಮಾತು: "ಹೊಲಿಗೆ ತಪ್ಪಿದರೆ ಬಿಚ್ಚಬೇಕು ಮಗಾ. ಮೇಲಿನಿಂದ ಇಸ್ತ್ರಿ ಎಳೆದರೆ ಸರಿಯಾಗುವುದಿಲ್ಲ."

ಯೇಸು ತನ್ನ ಶಿಷ್ಯರ ಕಾಲು ತೊಳೆದ ಪಾಠ ಬಂದದ್ದು ಒಂದು ಜುಲೈ ತಿಂಗಳಲ್ಲಿ. ಇದನ್ನು ಹೇಗಪ್ಪ ಕೈಗೆ ತರುವುದು ಎಂದು ನಾವು ಮುಖ ಮುಖ ನೋಡಿಕೊಂಡೆವು. ಟೀಚರ್ ಹೇಳಿದರು, "ಕಾಲು ತೊಳೆಯುತ್ತೇವೆ ಅಂತ ಹೋದರೆ ಯಾರೂ ಕಾಲು ಕೊಡುವುದಿಲ್ಲ, ನಾಚಿಕೆ ಅವರಿಗೆ. ಚಪ್ಪಲಿ ಹೊರಗೆ ಉಂಟಲ್ಲ, ಅದನ್ನು ತೊಳೆಯಿರಿ." ಒಳಗೆ ಪಾಸ್ಟರ ಪ್ರಸಂಗ ನಡೆಯುತ್ತಿದ್ದಾಗ ನಾವು ಹೊರಗೆ ಬಾವಿಕಟ್ಟೆಯಲ್ಲಿ ಇಡೀ ಸಭೆಯ ಕೆಸರು ಚಪ್ಪಲಿಗಳನ್ನು ತಿಕ್ಕಿ ತೊಳೆದು ಸಾಲಾಗಿ ಇಟ್ಟೆವು. ಭಕ್ತಿ ಸ್ವಲ್ಪ ಜಾಸ್ತಿಯಾಗಿ ಹಿರಿಯರೊಬ್ಬರ ಚರ್ಮದ ಹೊಸ ಬೂಟನ್ನೂ ಬಕೆಟಿನಲ್ಲಿ ಮುಳುಗಿಸಿದೆವು. ಅವರು ಹೊರಗೆ ಬಂದು ನೋಡಿ ಕೆಂಡವಾದರು.

"ಎಂತ ಟೀಚರ್ ಇದು? ಮಕ್ಕಳಿಗೆ ಇದನ್ನಾ ನೀವು ಕಲಿಸುವುದು?"

"ತಪ್ಪಾಯಿತು ಅಣ್ಣ," ಎಂದರು ಟೀಚರ್. "ಬೂಟು ಒಣಗುವವರೆಗೆ ನನ್ನ ಚಪ್ಪಲಿ ಹಾಕಿಕೊಂಡು ಹೋಗಿ."

ಆ ದಿನ ಟೀಚರ್ ನಿಜವಾಗಿಯೂ ಬರಿಗಾಲಿನಲ್ಲಿ ಮನೆಗೆ ನಡೆದರು. ಬೂಟಿನ ಯಜಮಾನರು ಟೀಚರ ಸಣ್ಣ ಚಪ್ಪಲಿಯನ್ನು ಮುಟ್ಟದೆ ತಾವೂ ಬರಿಗಾಲಿನಲ್ಲೇ ಹೋದರು. ಚಪ್ಪಲಿ ಮಾತ್ರ ದೇವಾಲಯದ ಬಾಗಿಲಲ್ಲಿ ವಾರವಿಡೀ ಕುಳಿತಿತ್ತು.

ನಾನು ದೊಡ್ಡವಳಾಗಿ ಮಣಿಪಾಲದ ಒಂದು ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ ಮೇಲೂ ಭಾನುವಾರದ ಜಗಲಿಯನ್ನು ಬಿಡಲಿಲ್ಲ. ಟೀಚರಿಗೆ ಜೊತೆಯಾಗಿ ಸಣ್ಣ ಮಕ್ಕಳನ್ನು ನೋಡಿಕೊಳ್ಳತೊಡಗಿದೆ. ಅವರ ತಾಯಿ ತೀರಿಕೊಂಡದ್ದು ಆ ಕಾಲದಲ್ಲೇ. ಟೀಚರಿಗೆ ಇದ್ದದ್ದು ಒಬ್ಬಳೇ ಅಕ್ಕ, ದಯಕ್ಕ, ಕಾರ್ಕಳಕ್ಕೆ ಮದುವೆಯಾಗಿ ಹೋದವರು. ಮಣ್ಣು ಮಾಡುವುದು ನಾಲ್ಕು ಗಂಟೆಗೆ ಎಂದು ನಿಶ್ಚಯವಾಗಿತ್ತು. ಶಿರ್ವದ ಮೇಲಿಂದ ಬರುವ ದಯಕ್ಕನ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಧಾರಾಕಾರ ಮಳೆ, ತೆಗೆದ ಗುಂಡಿಯಲ್ಲಿ ನೀರು ಏರುತ್ತಿದೆ, ಪಾಸ್ಟರಿಗೆ ಇನ್ನೊಂದು ಕಡೆ ಆರಾಧನೆ ಉಂಟು. ಎಲ್ಲರೂ ಟೀಚರ ಮುಖ ನೋಡಿದರು. "ಮುಚ್ಚಿ," ಎಂದರು ಅವರು. ದಯಕ್ಕ ಓಡಿ ಬಂದು ಮುಟ್ಟುವಾಗ ಪೆಟ್ಟಿಗೆಯ ಮೇಲೆ ಮಣ್ಣು ಬಿದ್ದಾಗಿತ್ತು. ಕೊಡೆ ಮಡಚಿ, ಬಂದ ದಾರಿಯಲ್ಲೇ ತಿರುಗಿ ಹೋದರು.

ಆಮೇಲೆ ಎಂಟು ವರ್ಷ ಅಕ್ಕತಂಗಿಯರ ನಡುವೆ ಮಾತಿಲ್ಲ. ಯಾರಾದರೂ ಕೇಳಿದರೆ ಟೀಚರ್, "ನನಗೆ ಅವಳ ಮೇಲೆ ಎಂತದೂ ಇಲ್ಲಪ್ಪ. ಮಳೆ ಬಂದದ್ದಕ್ಕೆ ನಾನೆಂತ ಮಾಡಲಿ?" ಎನ್ನುತ್ತಿದ್ದರು. ಕೇಳಿದವರಿಗೆ ಅದು ಸರಿ ಎನಿಸುತ್ತಿತ್ತು. ನನಗೂ ಎನಿಸುತ್ತಿತ್ತು.

ಬೆಳೆಹಬ್ಬದ ಹಿಂದಿನ ಭಾನುವಾರ ಕಾಣಿಕೆಯ ಪಾಠ. ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ, ಬೆಟ್ಟದ ಮೇಲೆ ಕುಳಿತು ಯೇಸು ಹೇಳಿದ್ದು. ಕಾಣಿಕೆ ಕೊಡಲು ವೇದಿಯ ಹತ್ತಿರ ಹೋದಾಗ, ಸಹೋದರನಿಗೆ ನಿನ್ನ ಮೇಲೆ ಏನೋ ನೋವಿದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಅವನ ಸಂಗಡ ಒಂದಾಗು, ಆಮೇಲೆ ಬಂದು ಕೊಡು ಎಂದು. ಟೀಚರ್ ವಿವರಿಸಿ ಮುಗಿಸಿದರು. ಪ್ರಶ್ನೆ ಕೇಳಲು ಅವರ ತರಗತಿಯಲ್ಲಿ ಯಾರಿಗೂ ಹೆದರಿಕೆ ಇರಲಿಲ್ಲ. ಎಂಟು ವರ್ಷದ ಪ್ರಿಯಾ ಎದ್ದು ನಿಂತಳು.

"ಟೀಚರ್, ನಿಮಗೆ ಹಾಗೆ ಯಾರಾದರೂ ಉಂಟಾ?"

"ನನಗೆ ಯಾರ ಮೇಲೂ ಸಿಟ್ಟಿಲ್ಲ ಮಗಾ."

"ಅದಲ್ಲ ಟೀಚರ್. ನಿಮ್ಮ ಮೇಲೆ ಯಾರಿಗಾದರೂ?"

ಟೀಚರ್ ಪುಸ್ತಕವನ್ನು ಮತ್ತೊಮ್ಮೆ ನೋಡಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಪುನಃ ಹಾಕಿ ನೋಡಿದರು. ಎಷ್ಟೋ ವರ್ಷದಿಂದ ಅವರು ಈ ಪಾಠ ಕಲಿಸುತ್ತ ಬಂದಿದ್ದರು. ನಾನೇ ಅವರಿಂದ ಕಲಿತಿದ್ದೆ. ಆ ದಿನ ತರಗತಿ ಗಂಟೆಗೆ ಮೊದಲೇ ಬಿಟ್ಟಿತು.

ಬೆಳೆಹಬ್ಬ ಎಂದರೆ ನಮಗೆ ದೊಡ್ಡ ಗೌಜಿ. ಬಾಳೆಗೊನೆ, ತೆಂಗಿನಕಾಯಿ, ಮಂಗಳೂರು ಸೌತೆ, ಕಾಲು ಕಟ್ಟಿದ ಕೋಳಿ, ಎಲ್ಲವನ್ನೂ ತಂದು ವೇದಿಯ ಮೇಜಿನ ಮೇಲೆ, ಕೆಳಗೆ ಇಡುತ್ತೇವೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಏಲಂ. ಟೀಚರ ಗುಳ್ಳದ ಬುಟ್ಟಿಗಾಗಿ ಪ್ರತಿ ವರ್ಷವೂ ಜಗ್ಗಾಟ ಇದ್ದದ್ದೇ. ಆ ವರ್ಷ ಟೀಚರ್ ಬುಟ್ಟಿ ಹಿಡಿದು ಸಾಲಿನಲ್ಲಿ ಮುಂದೆ ಹೋದರು. ಮೇಜಿನವರೆಗೆ ಹೋಗಲಿಲ್ಲ. ವೇದಿಯ ಕೆಳಗಿನ ಮೆಟ್ಟಿಲ ಮೇಲೆ ಬುಟ್ಟಿ ಇಟ್ಟು, ತಿರುಗಿ, ಹಾಡುತ್ತಿದ್ದ ಸಭೆಯ ನಡುವಿನಿಂದ ನಡೆದು ಹೊರಗೆ ಹೋದರು. ಮೈ ಹುಷಾರಿಲ್ಲವೇನೋ ಎಂದು ನಾನು ಹಿಂದೆಯೇ ಓಡಿದೆ.

ಗೇಟಿನ ಹತ್ತಿರ ಅವರು ಚಪ್ಪಲಿ ಹಾಕುತ್ತಿದ್ದರು. "ಶೀಲಾ, ಆ ಬುಟ್ಟಿ ನಾನು ಕೊಟ್ಟದ್ದಲ್ಲ, ಬಿಟ್ಟದ್ದು. ಏಲಂ ಮಾಡುವುದು ಬೇಡ ಅಂತ ಹೇಳು. ನಾನು ಕಾರ್ಕಳಕ್ಕೆ ಹೋಗಿ ಬರ್ತೇನೆ."

ಅವರು ಬಸ್ಸು ಹತ್ತಿದರು, ನಾನು ಏಲಮಿನಲ್ಲಿ ಸಿಕ್ಕಿಬಿದ್ದೆ. ಏಲಂ ಕೂಗುವವರು ಬುಟ್ಟಿ ಎತ್ತಲು ಹೋದಾಗ ಅಡ್ಡ ನಿಂತು, "ಇದು ಇನ್ನೂ ಕಾಣಿಕೆ ಆಗಿಲ್ಲ" ಎಂದೆ. ಅವರು, "ಮತ್ತೆ ಎಂತ, ಸಾಂಬಾರಿಗಾ?" ಎಂದು ನಗಾಡಿದರು. ವಿಷಯ ತಿಳಿದ ಪಾಸ್ಟರ್ ಹೇಳಿದರು, "ಅದು ಅಲ್ಲೇ ಇರಲಿ. ನಾನೂ ಈ ವಾಕ್ಯದ ಮೇಲೆ ಎಷ್ಟೋ ಸಲ ಪ್ರಸಂಗ ಮಾಡಿದ್ದೇನೆ. ಯಾರೂ ಎದ್ದು ಹೋದದ್ದನ್ನು ನೋಡಿರಲಿಲ್ಲ."

ಸಂಜೆ ಟೀಚರ್ ಬಂದರು. ದಯಕ್ಕ ಬಾಗಿಲು ತೆರೆದರಂತೆ, ಕುಳಿತುಕೊಳ್ಳಲು ಕುರ್ಚಿ ಕೊಟ್ಟರಂತೆ, ಸೊಸೆಯ ಕೈಯಲ್ಲಿ ಚಾ ಕೊಡಿಸಿದರಂತೆ. ತಾವು ಒಂದು ಮಾತೂ ಆಡಲಿಲ್ಲವಂತೆ. "ಒಂದಾಗಲಿಲ್ಲ," ಎಂದರು ಟೀಚರ್. ಬುಟ್ಟಿ ಮೆಟ್ಟಿಲ ಮೇಲೆಯೇ ಉಳಿಯಿತು. ಮುಂದಿನ ಭಾನುವಾರ ಅವರು ಬಾಡಿದ ಗುಳ್ಳಗಳನ್ನು ತೆಗೆದು ಹೊಸದಾಗಿ ಕೊಯ್ದದ್ದನ್ನು ತುಂಬಿದರು, ಪುನಃ ಬಸ್ಸು ಹತ್ತಿದರು. ಹಾಗೆಯೇ ನಾಲ್ಕು ವಾರ. ಹಳೆಯ ಗುಳ್ಳವನ್ನು ಅವರೇ ಮನೆಗೆ ಒಯ್ದು ತಿಂದರು. ಸಭೆಯಲ್ಲಿ ಕೆಲವರು ನಕ್ಕರು, ಕೆಲವರಿಗೆ ಕಿರಿಕಿರಿಯಾಯಿತು. ನನಗೆ ದಯಕ್ಕನ ಮೇಲೆ ಸಿಟ್ಟೇ ಬಂತು. ಇಷ್ಟು ಸಲ ಹೋದವರನ್ನು ಹೀಗೆ ಕಳುಹಿಸುವುದುಂಟೇ?

ಐದನೆಯ ಸಲ ಟೀಚರ ಮೊಣಕಾಲು ನೋವೆಂದು ನಾನೂ ಜೊತೆಗೆ ಹೋದೆ. ದಯಕ್ಕ ನೋಡಲು ಟೀಚರ ಹಾಗೆಯೇ, ಅದೇ ಹಣೆ, ಅದೇ ಮೂಗು. ಟೀಚರ್ ಚಾ ಲೋಟ ಹಿಡಿದು ಶುರು ಮಾಡಿದರು. "ಅಕ್ಕ, ಆ ದಿನ ಎಂತ ಮಳೆ ಅಂದರೆ, ಗುಂಡಿಯಲ್ಲಿ ನೀರು..."

ಅಲ್ಲಿಗೆ ನಿಲ್ಲಿಸಿದರು. ಲೋಟ ಕೆಳಗಿಟ್ಟರು. ನಾಲ್ಕು ಸಲವೂ ಅವರು ಮಳೆಯಿಂದಲೇ ಶುರು ಮಾಡಿರಬೇಕು ಎಂದು ನನಗೆ ಆಗ ಹೊಳೆಯಿತು. ಬಹುಶಃ ಅವರಿಗೂ ಹೊಳೆಯಿತು.

"ನಾನು ಕಾಯಬೇಕಿತ್ತು ಅಕ್ಕ," ಎಂದರು.

ಮಳೆ, ನೀರು, ಪಾಸ್ಟರ್, ಯಾವುದನ್ನೂ ತರಲಿಲ್ಲ. ದಯಕ್ಕ ಕುರ್ಚಿ ಎಳೆದು ತಂಗಿಯ ಎದುರು ಕುಳಿತರು. ಆಮೇಲೆ ಕೇಳಿದರು, "ಅಮ್ಮನಿಗೆ ಯಾವ ಸೀರೆ ಉಡಿಸಿದ್ದಿ?"

"ನೀನು ತಂದು ಕೊಟ್ಟ ಬಿಳಿ ಸೀರೆ, ನೀಲಿ ಅಂಚಿನದ್ದು."

"ಮುಖ ಹೇಗಿತ್ತು?"

ಟೀಚರ್ ಹೇಳತೊಡಗಿದರು. ಹಣೆಯ ಮೇಲೆ ಕೂದಲು ಹೇಗೆ ಬಾಚಿದ್ದು, ಬಾಯಿ ಸ್ವಲ್ಪ ತೆರೆದಿತ್ತು, ನಗುವ ಮೊದಲು ಇರುವ ಹಾಗೆ. ಎಂಟು ವರ್ಷದ ಹಿಂದಿನ ಒಂದು ಮುಖವನ್ನು ಅವರು ಅಕ್ಕನಿಗೆ ಇಂಚಿಂಚಾಗಿ ತಂದುಕೊಟ್ಟರು. ಇಬ್ಬರೂ ಅತ್ತರು. ನಾನೂ ಅತ್ತೆ, ಅದನ್ನು ಹೇಳಿಕೊಳ್ಳಲು ನಾಚಿಕೆ ಇಲ್ಲ.

ಮುಂದಿನ ಭಾನುವಾರ ಅಕ್ಕತಂಗಿ ಬುಟ್ಟಿಯ ಎರಡು ಬದಿ ಹಿಡಿದು ಮೆಟ್ಟಿಲಿನಿಂದ ಮೇಜಿನವರೆಗೆ ಒಯ್ದರು. ಮೂರು ಹೆಜ್ಜೆಯ ದೂರ. ಪಾಸ್ಟರ್ ಪ್ರಾರ್ಥನೆ ಮಾಡಿದರು. ಗುಳ್ಳವನ್ನು ಬೂಟಿನ ಯಜಮಾನರು ಏಲಮಿನಲ್ಲಿ ಹಿಡಿದರು.

ಟೀಚರ್ ತೀರಿಕೊಂಡದ್ದು ಕಳೆದ ಜುಲೈಯಲ್ಲಿ. ಬೆಳಿಗ್ಗೆ ಅಂಗಡಿಗೆ ಹೊರಟವರು ಎದೆ ನೋವೆಂದು ಕುಳಿತರು, ಅಷ್ಟೇ. ಹಿಂದಿನ ಭಾನುವಾರ ನನ್ನ ರವಿಕೆಯ ತೋಳು ಸಡಿಲ ಎಂದು ಪಿನ್ನು ಚುಚ್ಚಿ, "ಬುಧವಾರ ತಂದುಕೊಡು, ಬಿಚ್ಚಿ ಸರಿ ಮಾಡ್ತೇನೆ" ಎಂದಿದ್ದರು. ಆ ಪಿನ್ನನ್ನು ನಾನು ಇನ್ನೂ ತೆಗೆದಿಲ್ಲ.

ಮಣ್ಣು ಮಾಡುವುದು ನಾಲ್ಕು ಗಂಟೆಗೆ ಎಂದಿತ್ತು. ದಯಕ್ಕನ ಫೋನು ಬಂತು, ಬೆಳ್ಮಣ್ಣಿನ ಹತ್ತಿರ ಮರ ಬಿದ್ದು ರಸ್ತೆ ಬಂದ್. ಮಳೆ ಸುರಿಯುತ್ತಿತ್ತು. ಹಿರಿಯರೊಬ್ಬರು ಗಡಿಯಾರ ನೋಡಿ ಮೆಲ್ಲಗೆ, "ಗುಂಡಿಯಲ್ಲಿ ನೀರು ಬರ್ತಾ ಉಂಟು, ಇನ್ನು ಮುಚ್ಚುವುದಾ?" ಎಂದು ಕೇಳಿದರು. ಈ ಸಲ ಎಲ್ಲರೂ ನನ್ನ ಮುಖ ನೋಡಿದರು.

"ಕಾಯುವ," ಎಂದೆ.

ಜಗಲಿಯ ಮಕ್ಕಳು ಯಾರೂ ಹೇಳದೆ ಬಕೆಟ್ ತಂದರು. ನಾನು ಸೀರೆ ಎತ್ತಿ ಕಟ್ಟಿ ಅವರ ಜೊತೆ ನಿಂತೆ. ಚಪ್ಪಲಿ ತೊಳೆದ ಕಾಲದವರು, ಈಗ ಮಕ್ಕಳ ತಂದೆತಾಯಿ ಆದವರು, ಅವರೂ ಬಂದರು. ಕೈಯಿಂದ ಕೈಗೆ ಬಕೆಟ್ ದಾಟಿಸುತ್ತ, ಗುಂಡಿಗೆ ಬಿದ್ದ ನೀರನ್ನೆಲ್ಲ ಎತ್ತಿ ಹೊರಗೆ ಚೆಲ್ಲುತ್ತ, ಒಂದೂ ಮುಕ್ಕಾಲು ಗಂಟೆ. ಪಾಸ್ಟರ್ ಕೊಡೆ ಮಡಚಿಟ್ಟು ತಾವೂ ಸಾಲಿನಲ್ಲಿ ಸೇರಿದರು.

ದಯಕ್ಕ ಬಂದರು. ತಂಗಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ನೋಡಬೇಕಾದಷ್ಟು ಹೊತ್ತು ನೋಡಿದರು. ಯಾರೂ ಅವಸರ ಮಾಡಲಿಲ್ಲ. ಕೊನೆಗೆ ತಲೆ ಎತ್ತಿ, ಸುರಿಯುವ ಮಳೆಯನ್ನು ನೋಡಿ ಕೇಳಿದರು, "ಇಷ್ಟು ಮಳೆಯಲ್ಲಿ ಗುಂಡಿಗೆ ನೀರು ಬರಲಿಲ್ಲವಾ?"

ಪ್ರಿಯಾ ಮುಂದೆ ಬಂದಳು. ಭಾನುವಾರದ ಅಭ್ಯಾಸದಂತೆ ಕೆಸರು ತುಂಬಿದ ಎರಡೂ ಅಂಗೈಗಳನ್ನು ಚಾಚಿದಳು.

"ಬಂತು ಆಂಟಿ. ನಾವು ತೆಗೆದೆವು."

ದಯಕ್ಕ ಆ ಕೈಗಳನ್ನು ನೋಡಿದರು. ಆಮೇಲೆ ಅವರೇ "ಮುಚ್ಚಿ" ಎಂದರು.