ಇಲಿಗೆಂದು ಇಟ್ಟ ವಿಷ

ವೆಸ್ಟ್ ಮಾಂಬಲಂನ ನಮ್ಮ ಹಳೆಯ ಫ್ಲ್ಯಾಟಿನ ತಾರಸಿಯಲ್ಲಿ, ನೀರಿನ ಟ್ಯಾಂಕಿನ ಕೆಳಗಿನ ಸಂದಿಯಲ್ಲಿ ಒಂದು ಜೋಡಿ ಗೂಬೆಗಳಿದ್ದವು. ದೀಪ ಹಚ್ಚುವ ಹೊತ್ತಿಗೆ ಸದ್ದಿಲ್ಲದೆ ರೈಲು ಹಳಿಯ ಕಡೆಗೆ ಹಾರುತ್ತಿದ್ದವು. ಅಪಶಕುನ, ಓಡಿಸಿ ಎಂದು ಕೆಳಮನೆಯವರು ಹೇಳಿದರೂ ನನ್ನ ಅತ್ತೆ ಒಪ್ಪಿರಲಿಲ್ಲ. ಮದುವೆಯಾಗಿ ಮೈಸೂರಿನಿಂದ ಬಂದು ಐವತ್ತು ವರ್ಷ ಮದರಾಸಿನಲ್ಲೇ ಕಳೆದವರು ಅವರು. "ಮೊಟ್ಟೈಮಾಡಿ ಮೇಲೆ ಅವುಗಳ ಪಾಡಿಗೆ ಅವಿವೆ. ನಮಗೇನು ತೊಂದ್ರೆ?" ಎನ್ನುತ್ತಿದ್ದರು. ತಾರಸಿಗೆ ತಮಿಳಿನ ಮೊಟ್ಟೈಮಾಡಿ ಎಂಬ ಮಾತೇ ಅವರ ಬಾಯಿಗೆ ಹತ್ತಿತ್ತು.

ಪಕ್ಕದ ಹಳೆಯ ಮನೆಯನ್ನು ಕೆಡವಿದ ವರ್ಷ ಅಲ್ಲಿನ ಇಲಿಗಳೆಲ್ಲ ನಮ್ಮ ಕಟ್ಟಡಕ್ಕೆ ಬಂದವು. ವಾಷಿಂಗ್ ಮೆಷಿನ್ನಿನ ಪೈಪು ಹೋಯಿತು, ಅಕ್ಕಿ ಡಬ್ಬದ ಮುಚ್ಚಳ ಹೋಯಿತು. ಕೊನೆಗೆ ನಾನು ತಿದ್ದಿಟ್ಟಿದ್ದ ಉತ್ತರಪತ್ರಿಕೆಗಳನ್ನೂ ಕಡಿದವು. ನಾನು ನುಂಗಂಬಾಕ್ಕಂನ ಶಾಲೆಯೊಂದರಲ್ಲಿ ವಿಜ್ಞಾನದ ಟೀಚರ್.

"ಬೋನು ಇಡು. ಪಾಷಾಣ ಮಾತ್ರ ಬೇಡ ಕಣೇ," ಎಂದರು ಅತ್ತೆ.

"ಬಿದ್ದದ್ದನ್ನ ದಿನಾ ಹೊತ್ಕೊಂಡು ಹೋಗಿ ಬಿಡೋರು ಯಾರತ್ತೆ?"

ಅವರಿಗೆ ಹೇಳದೆ ಇಲಿ ಪಾಷಾಣದ ನೀಲಿ ಬಿಲ್ಲೆಗಳನ್ನು ತಂದು ಮೆಟ್ಟಿಲ ಕೆಳಗೂ ಮೋಟರ್ ರೂಮಿನಲ್ಲೂ ಇಟ್ಟೆ. ನಾಲ್ಕೈದು ದಿನಕ್ಕೆ ಇಲಿಗಳು ಹಗಲಲ್ಲೇ ತೂರಾಡುತ್ತ ಕಾಂಪೌಂಡಿಗೆ ಬಂದವು. ಆಮೇಲೆ ಕಾಣಲಿಲ್ಲ. ನಾನು ಹಿಗ್ಗಿದೆ.

ಮುಂದಿನ ವಾರ ಸಂಡಿಗೆ ಒಣಹಾಕಲು ಹೋದ ಅತ್ತೆ ಮೇಲಿಂದ ಕೂಗಿದರು. ಒಂದು ಗೂಬೆ ಅಂಗಾತ ಬಿದ್ದಿತ್ತು, ಕೊಕ್ಕಿನ ಬಳಿ ರಕ್ತ. ಇನ್ನೊಂದರ ಸುಳಿವಿಲ್ಲ. ಸಂದಿಯೊಳಗೆ ಒಂದೇ ಒಂದು ಮರಿ ಬುಸುಗುಡುತ್ತಿತ್ತು.

ನೋಡಿದ ಕೂಡಲೇ ನನಗೆ ತಿಳಿಯಿತು. ಕಾಳು, ಇಲಿ, ಗೂಬೆ ಎಂದು ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ಎಷ್ಟು ವರ್ಷ ಪಾಠ ಮಾಡಿದ್ದೆ! ಆಹಾರದ ಶಕ್ತಿ ಹಂತಹಂತಕ್ಕೂ ಬಹುಪಾಲು ಕಳೆದುಹೋಗುತ್ತದೆ, ಕೆಲವು ವಿಷಗಳು ಮಾತ್ರ ತಿಂದವರ ಮೈಯಲ್ಲೇ ಉಳಿಯುತ್ತವೆ ಎಂದು ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೆ. ಬಿಲ್ಲೆ ಇಡುವಾಗ ಅದು ನೆನಪಾಗಲಿಲ್ಲ ಎಂದರೆ ಸುಳ್ಳು. ನೆನಪಾಗಿತ್ತು. ಒಂದು ಕಟ್ಟಡದ ಇಲಿಗಳಿಂದ ಏನಾದೀತು ಅಂದುಕೊಂಡಿದ್ದೆ.

ಫೋನ್ ಮಾಡಿದ್ದಕ್ಕೆ, ಗಾಯಗೊಂಡ ಹಕ್ಕಿಗಳನ್ನು ಆರೈಕೆ ಮಾಡುವ ಹೆಂಗಸೊಬ್ಬರು ವೇಲಚೇರಿಯಿಂದ ರಟ್ಟಿನ ಪೆಟ್ಟಿಗೆ ಹಿಡಿದು ಬಂದರು. ಮರಿಯನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು, "ಎಲಿ ಮರುಂದು ವೆಚ್ಚೀಂಗಳಾ, ಮೇಡಂ?" ಎಂದರು. ಇಲಿಗೆ ವಿಷ ಇಟ್ಟಿದ್ದಿರಾ ಎಂದು. ಅತ್ತೆ ನನ್ನ ಮುಖ ನೋಡಿದರು.

"ಇಲ್ಲೈಯೇ," ಎಂದೆ.

ಮೂರನೆಯ ದಿನ ಅವರ ಫೋನ್ ಬಂತು. ಮರಿ ಸತ್ತಿತ್ತು. ಮೈಯೊಳಗೆಲ್ಲ ರಕ್ತ ಒಸರಿತ್ತಂತೆ. ವಿಷವೆಂದು ಮೊದಲೇ ಗೊತ್ತಾಗಿದ್ದರೆ ಅದಕ್ಕೆ ಔಷಧಿ ಇದೆ, ಒಂದು ಪ್ರಯತ್ನ ಮಾಡಬಹುದಿತ್ತು ಎಂದರು. ನಾನು ಆಗಲೂ ಬಾಯಿ ಬಿಡಲಿಲ್ಲ.

ಅಡುಗೆಮನೆಯಲ್ಲಿ ಅತ್ತೆ ಹುರುಳಿಕಾಯಿ ನಾರು ತೆಗೆಯುತ್ತಿದ್ದರು. "ಬಿಲ್ಲೆ ಇಟ್ಟಿದ್ದು ನಾನೇ ಅತ್ತೆ," ಎಂದೆ.

"ಗೊತ್ತು. ಗುಡಿಸುವಾಗ ಕವರ್ ಸಿಕ್ತು."

"ಮತ್ತೆ ಅವತ್ತು ಯಾಕೆ ಹೇಳಲಿಲ್ಲ?"

"ನೀನೇ ಹೇಳ್ತೀಯ ಅಂತ ಕಾದೆ. ಹೊರಗಿನವರ ಮುಂದೆ ನಿನ್ನ ಹೇಗೆ ಬಿಟ್ಕೊಡ್ಲಿ ಅಂತ ಸುಮ್ನಾದೆ. ನಾನೂ ತಪ್ಪು ಮಾಡಿದೆ ಕಣೇ."

ನನ್ನ ತಪ್ಪಿನಲ್ಲಿ ಅವರು ಪಾಲು ತೆಗೆದುಕೊಂಡದ್ದು ನನಗೆ ತಡೆಯಲಾಗಲಿಲ್ಲ. ಆಗಲೇ ಆ ಹೆಂಗಸಿಗೆ ಫೋನ್ ಮಾಡಿ ನಿಜ ಹೇಳಿದೆ. ಅವರು, ಸತ್ತ ಇಲಿಗಳನ್ನು ಹುಡುಕಿ ಆಳವಾಗಿ ಹೂಳಿ, ಇಲ್ಲದಿದ್ದರೆ ಕಾಗೆ, ಬೆಕ್ಕು ತಿನ್ನುತ್ತವೆ ಎಂದಷ್ಟೇ ಹೇಳಿ ಫೋನ್ ಇಟ್ಟರು.

ಅತ್ತೆ ಮಂಡಿ ನೋವಿನಲ್ಲೂ ನನ್ನ ಜೊತೆ ಇಳಿದು ಬಂದರು. ಮೋಟರ್ ರೂಮಿನ ಹಿಂದೆ ಎರಡು ಸಿಕ್ಕವು, ಚರಂಡಿಯ ಬಾಯಲ್ಲಿ ಒಂದು. ಅಷ್ಟೇ. ಉಳಿದವು ಎಲ್ಲಿ ಸತ್ತವೋ, ಯಾರ ಹೊಟ್ಟೆ ಸೇರಿದವೋ.