ಅಕ್ಕನ ‘ಬರೀ ವಾಕಿಂಗ್’

“ಔಷಧಿಗಿಷಧಿ ಏನೂ ಇಲ್ಲ ಡಾಕ್ಟ್ರೇ, ಬರೀ ವಾಕಿಂಗು, ರಾಗಿ ಅಂಬಲಿ!”

ಇಂದಿರಾನಗರದ ದಂತವೈದ್ಯೆಯ ಕುರ್ಚಿಗೆ ಒರಗಿ ನನ್ನಕ್ಕ ಹೀಗೆಂದಾಗ ನನಗೆ ರೇಗಿಹೋಯಿತು. ತೂಕ ಇಳಿಸಲು ಅವಳು ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಇಂಜೆಕ್ಷನ್ ಫ್ರಿಜ್ಜಿನಲ್ಲಿ ದೋಸೆಹಿಟ್ಟಿನ ಹಿಂದೆ ಅಡಗಿದೆ. ಎಲ್ಲವನ್ನೂ ಹೇಳಿಬಿಟ್ಟೆ. ಬಾಯಿ ಒಣಗುತ್ತದೆಂದು ದಿನವಿಡೀ ಪೆಪ್ಪರ್‌ಮಿಂಟ್ ಚೀಪುವುದು, ವಾಂತಿಯಾದೊಡನೆ ಮನೆಯವರಿಗೆ ವಾಸನೆ ತಿಳಿಯದಿರಲೆಂದು ಗಸಗಸ ಹಲ್ಲುಜ್ಜುವುದು, ಎಲ್ಲ.

“ಅದಕ್ಕೇ ಹಲ್ಲು ಹೀಗೆ ಸವೆದು ಹುಳುಕಾಗಿರೋದು. ವಾಂತಿಯಾದ್ರೆ ನೀರಲ್ಲಿ ಬಾಯಿ ಮುಕ್ಕಳಿಸಿ, ತಕ್ಷಣ ಉಜ್ಜಬೇಡಿ. ಮೊದಲೇ ಹೇಳೋದಲ್ವಾ?” ಎಂದರು ವೈದ್ಯೆ.

ಹುಳುಕು ತುಂಬಿಸಿಕೊಂಡು ಹೊರಮಾವಿನ ನಮ್ಮ ಅಪಾರ್ಟ್‌ಮೆಂಟಿಗೆ ಮರಳಿದೆವು. ಲಿಫ್ಟಿನಲ್ಲಿ ಪಕ್ಕದ ಮನೆಯವರು, “ಎಷ್ಟು ಸಣ್ಣಗಾಗಿದ್ದೀರಿ!” ಎಂದರು. ಅಕ್ಕನ ಬಾಯಿ ಇನ್ನೂ ಮರಗಟ್ಟಿತ್ತು. “ಬರೀ ವಾಕಿಂಗ್ ರೀ” ಎಂಬುದು ಮಾತ್ರ ಸ್ಪಷ್ಟವಾಗಿ ಹೊರಬಂತು.